ಗೇರ್ ಸೈಕಲ್ಲು, ಬಂಡಿದಾರಿ



"ಯಾಕಣ್ಣ, ಬೈಕ್ ಮಾರಿಬಿಟ್ರಾ?" ಅಂತ ಈ ಒಂದೂವರೆ ವರ್ಷದಲ್ಲಿ ನನ್ನನ್ನು ಕೇಳದವರು ಆವತಿಯಲ್ಲಿ ಕಡಿಮೆ. ಬೈಕ್ ಮಾರಿಲ್ಲ, ಮನೆ ಮುಂದೆಯೇ ನಿಂತಿದೆ. ಸಾಲ ಜಾಸ್ತಿಯಾಗಿದೆ ಅಂತ ಕೆಲವರು, ಶುಗರ್ ಬಂದಿರಬೇಕು ಅಂತ ಕೆಲವರು ತೀರ್ಮಾನ ಮಾಡಿಯೂ ಆಯ್ತು. ನಮ್ಮ ಕೇರಿಯ ಹಿರಿಯರೊಬ್ಬರು ಮಾತ್ರ ನಿಜವಾಗಿ ಬೇಜಾರು ಮಾಡಿಕೊಂಡೇ ಹೇಳಿದ್ರು: "ನಿಮ್ಮಪ್ಪ ಸೈಕಲ್ ತುಳಿದು ತುಳಿದು ನಿನ್ನನ್ನ ಬಿಎ ಓದಿಸಿದ. ನೀನು ಆಫೀಸು ಸೇರಿದ ಮೇಲೆ ಮತ್ತೆ ಅದನ್ನೇ ತುಳೀತೀಯಲ್ಲೋ ಮಗ."

ಈ ಮಾತಿಗೆ ನಗೋಕಾಗಲ್ಲ. ನಮ್ಮ ಜನ ಸೈಕಲ್ಲಿಂದ ಬೈಕಿಗೆ ಬರೋಕೆ ಎರಡು ತಲೆಮಾರು ಹಿಡೀತು. ಕಂತಿನ ಮೇಲೆ ಬೈಕ್ ತಂದ ದಿನ ಕೇರಿಯಲ್ಲಿ ನಿಂಬೆಹಣ್ಣು ಇಟ್ಟು ಹತ್ತಿಸಿ, ಎಲ್ಲರಿಗೂ ಸ್ವೀಟ್ ಹಂಚ್ತಾರೆ. ಸೈಕಲ್ ತಂದರೆ ಯಾರು ಹಂಚ್ತಾರೆ? ಸೈಕಲ್ ಅಂದ್ರೆ ಬಡತನ ಅನ್ನೋದು ನಮ್ಮ ಮೈಮೇಲೆ ಬರೆದಿದೆ. ಸೈಕಲ್ಲನ್ನ ಷೋಕಿಗೆ ತುಳಿಯೋದು ಬಡತನ ನೋಡದೇ ಇರೋರಿಗೆ ಸಿಗೋ ಸವಲತ್ತು ಅಂತ ನಮ್ಮ ಸಂಘಟನೆಯ ಒಬ್ಬ ಸಂಗಾತಿಯೂ ವಾದ ಮಾಡಿದ್ರು. ಅದರಲ್ಲಿ ಅರ್ಧ ನಿಜ ಇದೆ. ಇನ್ನರ್ಧಕ್ಕೆ ಈ ಬರಹ.

ಮೊದಲು ವಸ್ತುವಿನ ವಿಷಯ, ಯಾಕಂದ್ರೆ ತಗೋಬೇಕು ಅಂತಿರೋ ಹುಡುಗರು ಕೇಳ್ತಾನೇ ಇರ್ತಾರೆ. ಅಂಗಡಿಯವರು ಇದನ್ನ ಎಂಟಿಬಿ ಅಂತಾರೆ, ಬೆಟ್ಟ ಹತ್ತೋ ಸೈಕಲ್ ಅಂತ ಅರ್ಥ. ನಮ್ಮ ಕಡೆ ಗೇರ್ ಸೈಕಲ್ ಅಂದ್ರೆ ಸಾಕು. 11,800 ರೂಪಾಯಿ ಕೊಟ್ಟೆ. ಆಗ ಸೈಕಲ್ ಮೇಲೆ ಜಿಎಸ್‌ಟಿ 12 ಪರ್ಸೆಂಟ್ ಇತ್ತು, 2025ರ ಸೆಪ್ಟೆಂಬರ್ 22ರಿಂದ 5ಕ್ಕೆ ಇಳಿಸಿದ್ದಾರೆ. ಸ್ಟೀಲ್ ಫ್ರೇಮ್, 26 ಇಂಚಿನ ಚಕ್ರ, ಮುಂದೆ ಮೂರು ಹಲ್ಲುಚಕ್ರ, ಹಿಂದೆ ಏಳು, ಒಟ್ಟು 21 ಗೇರ್. ಹಾಗಂತ 21ನ್ನೂ ಬಳಸ್ತೀವಿ ಅಂದ್ಕೋಬೇಡಿ, ನನಗೆ ಬೇಕಾಗೋದು ಆರೇಳು. ಒಟ್ಟು ತೂಕ 18 ಕೆಜಿ. ಮುಂದೆ ಷಾಕ್ ಅಬ್ಸಾರ್ಬರ್ ಅಂತ ಇರೋದು ಒಂದು ಸ್ಪ್ರಿಂಗು ಅಷ್ಟೆ. ಏರಿನಲ್ಲಿ ಎದ್ದು ನಿಂತು ತುಳಿದರೆ ನಿಮ್ಮ ಅರ್ಧ ಶಕ್ತಿ ಅದನ್ನ ಕುಣಿಸೋಕೇ ಹೋಗುತ್ತೆ. ಕೂತೇ ತುಳೀರಿ. ಡಿಸ್ಕ್ ಬ್ರೇಕ್ ಇದೆ, ಆದ್ರೆ ವೈರ್ ಎಳೆಯೋದು. ಮಳೆ ಬಿದ್ದ ದಿನ ಊರಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಪ್ಲಾಸ್ಟಿಕ್ ಪೆಡಲ್ ಮೂರನೇ ತಿಂಗಳಿಗೆ ಮುರೀತು, ಕಬ್ಬಿಣದ್ದು ಹಾಕಿಸಿದೆ. ಮಡ್‌ಗಾರ್ಡ್, ಸ್ಟ್ಯಾಂಡು, ಬೆಲ್ಲು ಎಲ್ಲ ಬೇರೆ ದುಡ್ಡು.

ಒಳ್ಳೇದೂ ಹೇಳಬೇಕು. ಇದರ ವಾಲ್ವು ಬೈಕಿನ ಥರದ್ದೇ, ಪೆಟ್ರೋಲ್ ಬಂಕಲ್ಲಿ ಗಾಳಿ ಹಿಡಿಸಬಹುದು. ಅಪ್ಪನ ಕಾಲದ ಸೈಕಲ್ಲಿಗೆ ವಾಲ್‌ಟ್ಯೂಬ್ ಹುಡುಕಿಕೊಂಡು ಅಲೀಬೇಕಿತ್ತು. ಟಾರ್ ರೋಡಿಗೆ 50 ಪಿಎಸ್‌ಐ ಇಡಿ. ಮಣ್ಣಿನ ದಾರಿಗೆ 35ಕ್ಕೆ ಇಳಿಸಿದರೆ ಚಕ್ರ ನೆಲ ಹಿಡಿಯುತ್ತೆ. ದಪ್ಪ ಟೈರು ಇದ್ದರೂ ಜಾಲಿ ಮುಳ್ಳು ಬಿಡಲ್ಲ, ಅದಕ್ಕೆ ಒಂದು ಟ್ಯೂಬು, ಒಂದು ಪಂಪು ಬ್ಯಾಗಲ್ಲಿರಲಿ. ಲಕ್ಷದ ಸೈಕಲ್ ಮಾಡೋ ಕೆಲಸದಲ್ಲಿ ಮುಕ್ಕಾಲು ಪಾಲನ್ನ ಇದು ಮಾಡುತ್ತೆ, ಬೆವರು ಮಾತ್ರ ಎರಡರಷ್ಟು.

ಲಕ್ಷದ ಸೈಕಲ್ ಅಂದೆನಲ್ಲ. ಭಾನುವಾರ ಬೆಳಗಾಗೋ ಮುಂಚೆ ಬೆಂಗಳೂರಿಂದ ಸೈಕಲ್ ಸವಾರರ ದಂಡು ದೇವನಹಳ್ಳಿ ದಾಟಿ ನಂದಿ ಕಡೆ ಹೋಗುತ್ತೆ. 1,478 ಮೀಟರ್ ಎತ್ತರದ ಬೆಟ್ಟ, ಅವರ ಸೈಕಲ್ಲು ಒಂದು ಕೈಯಲ್ಲಿ ಎತ್ತೋ ಹಾಗಿರುತ್ತೆ. ನಾನೂ ಎರಡು ಸಲ ಹತ್ತಿದ್ದೀನಿ, ನಾಲ್ಕು ಕಡೆ ಇಳಿದು ತಳ್ಳಿ. ಅವರಲ್ಲಿ ಕೆಟ್ಟದಾಗಿ ಮಾತಾಡಿದವರು ನನಗೆ ಯಾರೂ ಸಿಕ್ಕಿಲ್ಲ. ಒಬ್ಬ ಹುಡುಗ ನಿಂತು ಸೀಟಿನ ಎತ್ತರ ಸರಿ ಮಾಡಿಕೊಟ್ಟ, ಅವತ್ತಿಂದ ಮಂಡಿ ನೋವು ಹೋಯ್ತು.

ನಾನು ಗಮನಿಸಿದ್ದು ಬೇರೆ. ಹೆಲ್ಮೆಟ್ಟು, ಕನ್ನಡಕ, ಗ್ಲೌಸು ಹಾಕಿಕೊಂಡು ರಸ್ತೆ ಬದಿಯ ಟೀ ಅಂಗಡಿ ಮುಂದೆ ಸೈಕಲ್ ಒರಗಿಸಿದರೆ ನಾನೂ "ಸಾರ್". "ಸಾರ್, ಸಕ್ಕರೆ ಕಮ್ಮಿನಾ?" ಕೂರೋಕೆ ಸ್ಟೂಲ್ ಒರೆಸಿಕೊಡ್ತಾರೆ. ಬೆಂಗಳೂರಿನವನು ಅಂದ್ಕೊಂಡಿರ್ತಾರೆ. ಒಂದಿನ ಪಕ್ಕದಲ್ಲಿ ಕೂತಿದ್ದ ಹಿರಿಯರು ಕೇಳಿದ್ರು, ಯಾವೂರು ಅಂತ. ಆವತಿ ಅಂದೆ. ಮುಖ ಅರಳಿತು. ಆವತಿ ಅಂದ್ರೆ ಚರಿತ್ರೆ ಇರೋ ಊರು, ರಣಭೈರೇಗೌಡರ ಊರು. "ಆವತೀಲಿ ಯಾರ ಮನೆ ಕಡೆಯೋರು?" ಈ ಪ್ರಶ್ನೆ ನಿಮಗೆಲ್ಲ ಗೊತ್ತಿರೋದೇ. ಇದು ವಿಳಾಸ ಕೇಳೋ ಪ್ರಶ್ನೆ ಅಲ್ಲ. ನಾನು ಸುತ್ತಿ ಬಳಸಿ ಹೇಳೋನಲ್ಲ, ಕೇರಿಯವನು ಅಂದೆ. ಹಿರಿಯರು "ಓ" ಅಂದು ಪೇಪರ್ ಕಡೆ ತಿರುಗಿದ್ರು. ಚಿಲ್ಲರೆ ವಾಪಸ್ ಕೊಡೋವಾಗ ಅಂಗಡಿಯವನ ಬಾಯಲ್ಲಿ "ಸಾರ್" ಹೋಗಿ "ತಗೊಳಪ್ಪ" ಆಗಿತ್ತು. ಅಷ್ಟೆ. ಯಾರೂ ಬೈಯಲಿಲ್ಲ, ಕೇಸ್ ಹಾಕೋ ಅಂಥದ್ದೇನೂ ನಡೀಲಿಲ್ಲ. ಲೋಟ ಬೇರೆ ಇಡ್ತಾರಾ ಅಂತ ಕೇಳಬೇಡಿ, ಈಗ ಎಲ್ಲರಿಗೂ ಪೇಪರ್ ಲೋಟ. ಅಸ್ಪೃಶ್ಯತೆ ಹೋಗಿದೆ ಅಂತ ಭಾಷಣ ಮಾಡೋರಿಗೆ ಪೇಪರ್ ಲೋಟ ಕಂಡುಹಿಡಿದವನು ದೊಡ್ಡ ಉಪಕಾರ ಮಾಡಿದ್ದಾನೆ.

ಅಪ್ಪನದು ಅಟ್ಲಾಸ್ ಸೈಕಲ್. ಆ ಕಂಪನಿಯ ಸಾಹಿಬಾಬಾದ್ ಫ್ಯಾಕ್ಟರಿ 2020ರ ಜೂನ್ 3ರಂದು ಬಾಗಿಲು ಹಾಕಿತು. ಅವತ್ತು ವಿಶ್ವ ಸೈಕಲ್ ದಿನ ಬೇರೆ. ಅಪ್ಪ ಕೂಲಿಗೆ ಹೋಗ್ತಿದ್ದ ಒಂದು ಊರಿತ್ತು. ನಾನು ಮುಂದಿನ ಕಂಬಿ ಮೇಲೆ ಕೂತಿರ್ತಿದ್ದೆ. ಆ ಊರಿನ ಅರಳಿಕಟ್ಟೆ ಹತ್ತಿರ ಬಂದ್ರೆ ಅಪ್ಪ ಇಳಿದು, ನನ್ನನ್ನೂ ಇಳಿಸಿ, ಸೈಕಲ್ ತಳ್ಳಿಕೊಂಡು ಹೋಗೋರು. ಬೀದಿ ಮುಗಿದ ಮೇಲೆ ಮತ್ತೆ ಹತ್ತೋರು. ಚೈನು ಬಿದ್ದಿರಬೇಕು ಅಂತ ನಾನು ಬಗ್ಗಿ ಬಗ್ಗಿ ನೋಡ್ತಿದ್ದೆ. ಚೈನು ಸರಿಯಾಗೇ ಇರ್ತಿತ್ತು. ಮೇಲ್ಜಾತಿ ಬೀದಿಯಲ್ಲಿ ದಲಿತರು ಸೈಕಲ್ ತುಳಿಯೋ ಹಾಗಿಲ್ಲ ಅನ್ನೋ ಕಟ್ಟಳೆ ದೇಶದ ಎಷ್ಟೋ ಹಳ್ಳಿಗಳಲ್ಲಿತ್ತು ಅಂತ ಆಮೇಲೆ ಪುಸ್ತಕಗಳಲ್ಲಿ ಓದಿದೆ. 2006ರಲ್ಲಿ ಘನಶ್ಯಾಮ್ ಶಾ, ಹರ್ಷ ಮಂದರ್, ಸುಖದೇವ್ ಥೋರಟ್ ಮತ್ತಿತರರು ಹಳ್ಳಿಗಳ ಅಸ್ಪೃಶ್ಯತೆ ಮೇಲೆ ತಂದ ಅಧ್ಯಯನದಲ್ಲೂ ಅದು ದಾಖಲಾಗಿದೆ. ಅಪ್ಪ ಮಾತ್ರ ಕೊನೇವರೆಗೂ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ.

ಚಕ್ರದ ಮೇಲೆ ಯಾರು ಕೂರಬೇಕು ಅನ್ನೋದು ಈ ದೇಶದಲ್ಲಿ ಹಳೇ ಜಗಳ. ಬಾಬಾಸಾಹೇಬರು ಹುಡುಗರಾಗಿದ್ದಾಗ, ಮಸೂರ್ ಸ್ಟೇಷನ್ನಿನಿಂದ ಹೋಗೋಕೆ ಎತ್ತಿನ ಗಾಡಿಗೆ ಎರಡರಷ್ಟು ಬಾಡಿಗೆ ಕೊಟ್ಟರೂ ಮಕ್ಕಳೇ ಗಾಡಿ ಹೊಡೀಬೇಕಾಯ್ತು, ಗಾಡಿಯವನು ಮೈಲಿಗೆ ಅಂತ ಪಕ್ಕದಲ್ಲಿ ನಡೆದ. 1929ರಲ್ಲಿ ಚಾಳೀಸ್‌ಗಾಂವ್‌ನಲ್ಲೂ ಅದೇ. ಆಗ ಅವರು ವಿದೇಶದಲ್ಲಿ ಓದಿ ಬಂದ ಬ್ಯಾರಿಸ್ಟರ್. ಟಾಂಗಾದವರು ಯಾರೂ ಹೊಡೆಯೋಕೆ ಒಪ್ಪಲಿಲ್ಲ, ಅಭ್ಯಾಸ ಇಲ್ಲದ ನಮ್ಮವರೇ ಒಬ್ಬರು ಹೊಡೆದರು, ಮೋರಿ ಹತ್ತಿರ ಟಾಂಗಾ ಅಪಘಾತವಾಗಿ ಬಾಬಾಸಾಹೇಬರ ಕಾಲು ಮುರೀತು. ಅದೇ ಜನರನ್ನ ಕಟ್ಟಿಕೊಂಡು 1983ರಲ್ಲಿ ಕಾನ್ಶೀರಾಮ್ ಸಾಹೇಬರು ಡಿಎಸ್4 ಹೆಸರಲ್ಲಿ ದೆಹಲಿಯಿಂದ ಸೈಕಲ್ ಜಾಥಾ ಹೊರಟು ಸುಮಾರು 40 ದಿನ ಉತ್ತರದ ರಾಜ್ಯಗಳನ್ನ ಸುತ್ತಿದರು. ಕಾರಿಗೆ ದುಡ್ಡಿರಲಿಲ್ಲ ಅನ್ನೋದು ಒಂದು. ಸೈಕಲ್ಲಾದರೆ ಕೇರಿ ಕೇರಿಯೊಳಗೂ ಹೋಗಬಹುದು ಅನ್ನೋದು ಇನ್ನೊಂದು. ಷೋಕಿ ಅಂದ ಸಂಗಾತಿಗೆ ನಾನು ಇದನ್ನೇ ಹೇಳಿದೆ. "ನೀನೇನು ಕಾನ್ಶೀರಾಮಾ?" ಅಂದ್ರು. ಅಲ್ಲ, ನಿಜ.

ಈಗ ಬಂಡಿದಾರಿ ವಿಷಯಕ್ಕೆ ಬರ್ತೀನಿ.

ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆ ಭೂಮಿಗಾಗಿ 2022ರಿಂದ ನಡೆದ ಹೋರಾಟ ನಿಮಗೆಲ್ಲ ಗೊತ್ತು. 2025ರ ಜುಲೈ 15ಕ್ಕೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸ್ವಾಧೀನ ಕೈಬಿಟ್ಟಿದ್ದೀವಿ ಅಂದ್ರು. ಕೊನೇ ಕೆಲವು ತಿಂಗಳು ರಜೆ ಇದ್ದಾಗೆಲ್ಲ ಧರಣಿಗೆ ನಾನು ಸೈಕಲ್ಲಲ್ಲೇ ಹೋಗ್ತಿದ್ದೆ. ಹಾಗೆ ಹೋಗ್ತಾ ಟಾರ್ ರೋಡ್ ಬಿಟ್ಟು ಹೊಲದ ದಾರಿ ಹಿಡಿಯೋ ಅಭ್ಯಾಸ ಆಯ್ತು. ಬೈಕಲ್ಲಿ ಹೋದ್ರೆ ರಸ್ತೆ ಮಾತ್ರ ಕಾಣುತ್ತೆ. ಸೈಕಲ್ಲಲ್ಲಿ ಹೋದ್ರೆ ಯಾರ ರಾಗಿ, ಯಾರ ದ್ರಾಕ್ಷಿ ತೋಟ, ಯಾರ ಹಿಪ್ಪುನೇರಳೆ, ಎಲ್ಲಿ ಹೊಸ ಕಾಂಪೌಂಡ್ ಎದ್ದಿದೆ ಎಲ್ಲ ಕಾಣುತ್ತೆ. ಹಳ್ಳಿ ನಕಾಶೆ ನೋಡೋಕೆ ಬರೋರಿಗೆ ಇನ್ನೂ ಒಂದು ಕಾಣುತ್ತೆ. ನಕಾಶೆಯಲ್ಲಿ ಜೋಡಿ ಚುಕ್ಕೆಗೆರೆ ಇರೋದು ಬಂಡಿದಾರಿ. ನೆಲದ ಮೇಲೆ ಹೋಗಿ ನೋಡಿದ್ರೆ ಅಲ್ಲಿ ಗೇಟು. ಹ್ಯಾಂಡಲ್ಲಿಗೆ ಫೋನ್ ಸಿಕ್ಕಿಸಿ ದಿಶಾಂಕ್ ಆ್ಯಪ್ ಹಾಕಿದರೆ ನಾನು ಯಾವ ಸರ್ವೆ ನಂಬರಲ್ಲಿ ನಿಂತಿದ್ದೀನಿ ಅಂತ ಹೇಳುತ್ತೆ.

ಹೀಗೆ ಸುತ್ತೋವಾಗ ಸಿಕ್ಕಿದ್ದು ಒಂದು ಸ್ಮಶಾನದ ದಾರಿ. ಊರಿನ ಹೆಸರು ಬರೆಯಲ್ಲ, ಅರ್ಜಿ ವಿಚಾರಣೆಯಲ್ಲಿದೆ. ಕೇರಿಯಿಂದ ನಮ್ಮವರ ಸ್ಮಶಾನಕ್ಕೆ ನಕಾಶೆಯಲ್ಲಿ ಬಂಡಿದಾರಿ ಇದೆ. ನಡುವೆ ಲೇಔಟ್ ಒಂದರ ಕಾಂಪೌಂಡು ಒಂದು ಕಡೆಯಿಂದ, ತೋಟದ ಮುಳ್ಳುತಂತಿ ಇನ್ನೊಂದು ಕಡೆಯಿಂದ ಒತ್ತಿಕೊಂಡು ಬಂದಿವೆ. ನನ್ನ ಸೈಕಲ್ ಹ್ಯಾಂಡಲ್ ಅಗಲ 64 ಸೆಂಟಿಮೀಟರ್. ಒಂದು ಜಾಗದಲ್ಲಿ ನನ್ನ ಎರಡೂ ಮುಷ್ಟಿ ತರಚಿದವು. ಕೇರಿಯ ಅಮ್ಮ ಒಬ್ಬರನ್ನ ಕೇಳಿದೆ, ಹೆಣ ಹೇಗೆ ತಗೊಂಡು ಹೋಗ್ತೀರಾ ಅಂತ. "ಚಟ್ಟ ಓರೆ ಮಾಡ್ಕೊಂಡು, ಹಿಂದೊಬ್ಬ ಮುಂದೊಬ್ಬ ಹಿಡೀತಾರೆ ಕಣಪ್ಪ. ದಪ್ಪ ಇರೋರು ಸತ್ರೆ ರಾಗಿ ಹೊಲದ ಮೇಲೆ. ಆಗ ಹೊಲದೋರು ಬಂದು ಬೈತಾರೆ." ಇಷ್ಟು ಹೇಳಿ ಅವರು ಸೊಪ್ಪು ಬಿಡಿಸೋಕೆ ಕೂತರು.

ಅರ್ಜಿ ಬರೆಯೋಕೆ ಅಳತೆ ಬೇಕು. ಉದ್ದ ಅಳೆಯೋಕೆ ಸೈಕಲ್ಲೇ ಸಾಕಾಯ್ತು. ಟೈರಿನ ಮೇಲೆ ಸುಣ್ಣದ ಗುರುತು ಹಾಕಿ, ಮೇಲೆ ಕೂತು ಅಂಗಳದಲ್ಲಿ ಉರುಳಿಸಿದೆ. ಒಂದು ಸುತ್ತಿಗೆ 2 ಮೀಟರ್ 5 ಸೆಂಟಿಮೀಟರ್ ಬಂತು. ಸರ್ವೆಯವರ ಸರಪಳಿ 33 ಅಡಿ, ಅಂದ್ರೆ ಹೆಚ್ಚುಕಡಿಮೆ ಐದು ಸುತ್ತು. ಆಮೇಲೆ ಕೇರಿಯ ಮೂವರು ಹುಡುಗರು ಎಣಿಸ್ತಾ ಹಿಂದೆ ಬಂದ್ರು, ನಾನು ತಳ್ಳಿದೆ. ಕೇರಿಯ ಕೊನೇ ಮನೆಯಿಂದ ಸ್ಮಶಾನದ ಬೇಲಿವರೆಗೆ 212 ಸುತ್ತು, 434 ಮೀಟರ್ ಚಿಲ್ಲರೆ. ಅದರಲ್ಲಿ ಒತ್ತುವರಿ ಆಗಿರೋದು 61 ಸುತ್ತು, 125 ಮೀಟರ್. ಎಣಿಸಿದವರಲ್ಲಿ ಎಂಟನೇ ಕ್ಲಾಸಿನ ಹುಡುಗಿ ಒಬ್ಬಳು. ನನ್ನ ಲೆಕ್ಕ ಎರಡು ಸಲ ತಪ್ಪು ಅಂತ ವಾಪಸ್ ಕಳಿಸಿದಳು, ಅವಳದೇ ಸರಿ. ಅವಳಿಗೆ ಸೈಕಲ್ ಇಲ್ಲ. 2006-07ರಲ್ಲಿ ಶುರುವಾದ ಎಂಟನೇ ಕ್ಲಾಸಿನ ಉಚಿತ ಸೈಕಲ್ ಯೋಜನೆ ಕೊರೊನಾ ಕಾಲದಲ್ಲಿ ನಿಂತುಹೋಯ್ತಲ್ಲ, ಅದಕ್ಕೂ ಒಂದು ಅರ್ಜಿ ಬರೀಬೇಕು.

ನಮ್ಮವರಿಗೆ ಅಳತೆ ಹೊಸದಲ್ಲ. ಹಳೇ ಮೈಸೂರಲ್ಲಿ ಊರಿನ ಎಲ್ಲೆ ಜಗಳ ಬಂದ್ರೆ ಹೊಲೆಯ ಕುಳವಾಡಿ ತೋರಿಸಿದ್ದೇ ಗಡಿ ಅಂತ ಗೆಜೆಟಿಯರ್‌ಗಳಲ್ಲೇ ಬರೆದಿದ್ದಾರೆ. ಊರಿನ ಪ್ರತಿ ಗಡಿಕಲ್ಲೂ ಗೊತ್ತಿದ್ದವನಿಗೆ ಹೂಳೋಕೆ ಜಾಗ ಎಲ್ಲಿ ಅಂತ ಕೇಳೋ ಪರಿಸ್ಥಿತಿ. ಗೊತ್ತಿರೋ ಸರ್ವೆಯರ್ ಒಬ್ಬರು ನನ್ನ ಸೈಕಲ್ ಲೆಕ್ಕ ಕೇಳಿ ನಕ್ಕರು. ಇದು ಯಾವ ಕಡತದಲ್ಲೂ ನಿಲ್ಲಲ್ಲ, ಹದ್ದುಬಸ್ತು ಆಗಲೇಬೇಕು ಅಂದ್ರು. ನಿಲ್ಲದಿದ್ರೂ ಬೇಡ. "ಅಲ್ಲಿ ಒತ್ತುವರಿಯೇ ಇಲ್ಲ" ಅಂತ ಒಂದೇ ಸಾಲಲ್ಲಿ ಮುಗಿಸಿದ್ದ ವರದಿ, 61 ಸುತ್ತಿನ ಲೆಕ್ಕ, ಫೋಟೋ, ನಕಾಶೆ ಪ್ರತಿ ಲಗತ್ತಿಸಿದ ಮೇಲೆ ವಾಪಸ್ ಬಂತು. ಅಳತೆಗೆ ದಿನ ಗೊತ್ತು ಮಾಡಿದ್ರು. ಎರಡು ಸಲ ಮುಂದಕ್ಕೆ ಹಾಕಿದ್ರು.

ಮೂರನೇ ನೋಟಿಸ್ ಬಂದಿದೆ, ಈ ತಿಂಗಳ ಕೊನೇ ಶುಕ್ರವಾರ ಬೆಳಗ್ಗೆ 11ಕ್ಕೆ. ಕೇರಿಯವರು ಕೂಲಿ ಬಿಟ್ಟು ನಿಲ್ತೀವಿ ಅಂದಿದ್ದಾರೆ, ನಾನು ರಜೆ ಹಾಕಿದ್ದೀನಿ. ಹೊರಗಿನವರು ಹತ್ತು ಜನ ಇದ್ದರೆ ಅವರಿಗೆ ಧೈರ್ಯ. ಬರೋರು ಇನ್‌ಬಾಕ್ಸ್ ಮಾಡಿ, ಊರಿನ ಹೆಸರು, ದಾರಿ ತಿಳಿಸ್ತೀನಿ. ಕಾರು ಕೇರಿಯ ಕೊನೇ ಮನೆವರೆಗೂ ಬರುತ್ತೆ, ಅಲ್ಲಿಂದ ಮುಂದೆ ನಡೀಬೇಕು. ಚಪ್ಪಲಿ ಗಟ್ಟಿ ಇರಲಿ, ಮುಳ್ಳು ಜಾಸ್ತಿ.