ಮಸ್ಕಿಯ ಬಂಡೆಯಿಂದ ಕಾರವಾರದ ಕಡಲಿಗೆ

ಸಿಂಧನೂರು, ಮಸ್ಕಿ, ಲಿಂಗಸುಗೂರುಗಳ ಸೀಮೆಯಲ್ಲಿ ಬೆಳೆದವರಿಗೆ ಸಮುದ್ರವೆಂಬುದು ಪುಸ್ತಕದೊಳಗಣ ಶಬ್ದವೇ ಸರಿ. ನಾವು ಕಂಡ ಮಹಾಜಲವೆಂದರೆ ತುಂಗಭದ್ರೆಯ ಎಡದಂಡೆಯ ಕಾಲುವೆ. ಇಂತಹ ಸೀಮೆಯಿಂದ ನನ್ನ ಶಿಷ್ಯನೊಬ್ಬನು ನೌಕಾದಳವನ್ನು ಸೇರಿರುವನು. ಅವನನ್ನು ನೋಡಿ ಬರಲು ನಾನು ಕಾರವಾರಕ್ಕೆ ಹೊರಟಾಗ ಸಿಂಧನೂರಿನಲ್ಲಿರುವ ಅವನ ತಾಯಿಯು, “ಮಾಸ್ತರೇ, ನನ್ನ ಮಗನದು ಕಾಯುವ ಕೆಲಸವೋ ಕೊಲ್ಲುವ ಕೆಲಸವೋ? ಕಣ್ಣಾರೆ ಕಂಡು ಬಂದು ನಿಜ ಹೇಳಿರಿ” ಎಂದಳು.

ದಾರಿಯಲ್ಲಿ ಮಸ್ಕಿಯಲ್ಲಿಳಿದು ಅಶೋಕನ ಶಾಸನವನ್ನು ಮತ್ತೊಮ್ಮೆ ನೋಡಿದೆನು. 1915ರಲ್ಲಿ ಚಿನ್ನದ ಗಣಿಯ ಇಂಜಿನಿಯರರಾದ ಬೀಡನ್ನರು ಕಂಡುಹಿಡಿದ ಈ ಬಂಡೆಯ ಮೇಲೆ ‘ದೇವಾನಾಂಪ್ರಿಯ’ನೆಂಬ ಬಿರುದಿನೊಡನೆ ಅಶೋಕನ ಹೆಸರೂ ಇರುವುದು. ಧರ್ಮದಲ್ಲಿ ನಿಂತರೆ ಅಲ್ಪನೂ ಮೇಲ್ಮೆಯನ್ನು ಪಡೆಯಬಲ್ಲನೆಂಬುದು ಅದರ ಸಾರ. ಲಿಂಗಸುಗೂರನ್ನು ದಾಟಿದರೆ ಮುದಗಲ್ಲಿನ ಕೋಟೆ. ಬಹಮನಿಯವರೂ ವಿಜಯನಗರದವರೂ ಅದಕ್ಕಾಗಿ ಎಷ್ಟು ರಕ್ತವನ್ನು ಸುರಿಸಿದರೋ! ಧರ್ಮದ ಬಂಡೆಗೂ ಯುದ್ಧದ ಕೋಟೆಗೂ ನಮ್ಮಲ್ಲಿ ಅರ್ಧ ದಿನದ ದಾರಿಯೂ ಇಲ್ಲ. ಇದನ್ನೇ ಚಿಂತಿಸುತ್ತ ಹುಬ್ಬಳ್ಳಿ, ಯಲ್ಲಾಪುರ, ಅಂಕೋಲೆಗಳ ಮಾರ್ಗವಾಗಿ ಕಾರವಾರವನ್ನು ಸೇರಿದೆನು.

ಅಲ್ಲಿನ ರವೀಂದ್ರನಾಥ ಠಾಗೋರರ ಹೆಸರಿನ ತೀರದಲ್ಲಿ ‘ಚಪಲ’ವೆಂಬ ಯುದ್ಧನೌಕೆಯನ್ನು ನಿಲ್ಲಿಸಿರುವರು. 2005ರಲ್ಲಿ ನನ್ನಂತೆಯೇ ನಿವೃತ್ತಿ ಹೊಂದಿದ ಅದು 2006ರಿಂದ ವಸ್ತುಸಂಗ್ರಹಾಲಯವಾಗಿದೆ. ನಾಲ್ಕು ಕ್ಷಿಪಣಿಗಳ ಗೂಡುಗಳು. ಹಿಂದೆ ಮುಂದೆ 30 ಮಿಲಿಮೀಟರಿನ ಜೋಡಿ ನಳಿಗೆಗಳ ತೋಪುಗಳು.

ಶಿಷ್ಯನು ವಿವರಿಸಿದನು: “ಗುರುಗಳೇ, ಮುದಗಲ್ಲಿನ ಬುರುಜು ಅಲುಗದು, ಹಡಗಾದರೋ ಕ್ಷಣವೂ ನಿಲ್ಲದೆ ಓಲಾಡುವುದು. ಆದುದರಿಂದ ರಾಡಾರು ಗುರಿಯನ್ನು ಕಾಣುತ್ತಿರಬೇಕು. ಯಂತ್ರವು ಓಲಾಟವನ್ನು ಲೆಕ್ಕಹಾಕಿ ನಳಿಗೆಯನ್ನು ತಿರುಗಿಸುತ್ತಿರಬೇಕು. ಹರಿದ್ವಾರದಲ್ಲಿ ತಯಾರಾಗುವ 76 ಮಿಲಿಮೀಟರಿನ ತೋಪು ನಿಮಿಷಕ್ಕೆ 120 ಗುಂಡುಗಳನ್ನು ಹಾರಿಸಬಲ್ಲದು.”

“ಟಾರ್ಪೆಡೋ ಎಂದರೇನು?” ಎಂದೆನು.

“ನೀರೊಳಗೆ ತಾನೇ ಈಜಿಹೋಗಿ ಸಿಡಿಯುವ ಅಸ್ತ್ರ. ನಮ್ಮ ಹಗುರ ಟಾರ್ಪೆಡೋವಿಗೆ ‘ಶ್ಯೇನ’ವೆಂದು ಹೆಸರು. ಹಗುರವೆಂದರೂ ಸುಮಾರು 220 ಕಿಲೋಗ್ರಾಂ. ಉದ್ದ ಮೂರು ಮೀಟರಿಗೆ ತುಸು ಕಡಿಮೆ. ಬ್ಯಾಟರಿಯ ಬಲದಿಂದ ಓಡುತ್ತ, ತಾನೇ ಶಬ್ದವನ್ನು ಹೊರಡಿಸಿ, ಅದರ ಪ್ರತಿಧ್ವನಿಯನ್ನು ಕೇಳಿ ಜಲಾಂತರ್ಗಾಮಿಯನ್ನು ಬೆನ್ನಟ್ಟುವುದು.”

ಶ್ಯೇನವೆಂದರೆ ಗಿಡುಗ; ಹೆಸರು ಒಪ್ಪಿತು, ಮನಸ್ಸು ಒಪ್ಪಲಿಲ್ಲ. ಆಗ ಅವನು ದನಿ ತಗ್ಗಿಸಿ ಹೇಳಿದನು: “1971ರ ಡಿಸೆಂಬರ್ 9ರ ರಾತ್ರಿ ದೀವ್ ಸಮೀಪದಲ್ಲಿ ಪಾಕಿಸ್ತಾನದ ‘ಹ್ಯಾಂಗೋರ್’ ಜಲಾಂತರ್ಗಾಮಿಯ ಟಾರ್ಪೆಡೋ ತಗಲಿ ನಮ್ಮ ‘ಖುಕ್ರಿ’ ಮುಳುಗಿತು. 18 ಮಂದಿ ಅಧಿಕಾರಿಗಳೂ 176 ಮಂದಿ ನಾವಿಕರೂ ಮಡಿದರು. ನೀರಿನೊಳಗಣ ಸದ್ದಿಗೆ ಕಿವಿಗೊಡುವುದೇ ನನ್ನ ಕೆಲಸ. ನಾನು ಕೇಳದೆ ಹೋದರೆ ನನ್ನ ಹಡಗಿಗೂ ಅದೇ ಗತಿ.”

ಪಾಠಕ್ಕೆ ಕಿವಿಗೊಡಲಿಲ್ಲವೆಂದು ಒಮ್ಮೆ ನಾನೇ ಹಿಂಡಿದ್ದ ಕಿವಿಯದು! ನನಗೆ ಮಾತು ಹೊರಡಲಿಲ್ಲ.

‘ಶ್ಯೇನ’ವನ್ನು ರೂಪಿಸಿದ್ದು ವಿಶಾಖಪಟ್ಟಣದಲ್ಲಿ, ಎಂದರೆ ಪ್ರಾಚೀನ ಕಳಿಂಗದ ಕರಾವಳಿಯಲ್ಲಿ. ಕಳಿಂಗವನ್ನು ಗೆದ್ದು ಮರುಗಿದ ಅಶೋಕನು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ಆ ಮರುಕವನ್ನು ಬರೆಯಿಸಿರುವನು. ಅದರಲ್ಲಿಯೇ, ಪಶ್ಚಾತ್ತಾಪವಿದ್ದರೂ ತನಗೆ ದಂಡಿಸುವ ಶಕ್ತಿಯುಂಟೆಂದು ಅರಣ್ಯವಾಸಿಗಳನ್ನು ಎಚ್ಚರಿಸಿಯೂ ಇರುವನು. ಮರುಕವಿಲ್ಲದ ಶಕ್ತಿಯು ಕ್ರೌರ್ಯ. ಶಕ್ತಿಯಿಲ್ಲದ ಮರುಕದಿಂದ ರಾಜ್ಯವನ್ನು ಕಾಯಲಾಗದೆಂದು ಅವನೂ ಅರಿತಿದ್ದನು.

ಹಿಂತಿರುಗಿ ಆ ತಾಯಿಗೆ ನಿಜವನ್ನೇ ಹೇಳಿದೆನು: “ತಾಯೀ, ಅವನ ಕೈಗೆ ಕೊಟ್ಟಿರುವುದು ಕೊಲ್ಲುವ ಅಸ್ತ್ರವೇ, ಅದನ್ನು ಮರೆಮಾಡಲಾರೆನು. ಆದರೆ ದಿನವೆಲ್ಲ ಅವನು ಮಾಡುವುದು ಕಿವಿಗೊಟ್ಟು ಕಾಯುವ ಕೆಲಸ.”

ಆಕೆ ಬಹಳ ಹೊತ್ತು ಸುಮ್ಮನಿದ್ದು, “ಅವನ ಕಿವಿ ಚೆನ್ನಾಗಿರಲಿ, ಮಾಸ್ತರೇ. ಆ ಅಸ್ತ್ರಕ್ಕೆ ಕೆಲಸವೇ ಬಾರದಿರಲಿ” ಎಂದಳು. ಮಸ್ಕಿಯ ಬಂಡೆಯೂ ಇದಕ್ಕೆ ಒಪ್ಪುವುದೆಂದು ನನಗೆ ತೋರಿತು.