ಹಳ್ಳಿಗೆ ಮರಳುವ ಮುನ್ನ

ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನೌಕರಿ ಮುಗಿಸಿ ನಿವೃತ್ತರಾದವರು ನವಲಗುಂದ ಅಥವಾ ಕುಂದಗೋಳ ಸೀಮೆಯ ಹಳ್ಳಿಗೆ ಹೋಗಿ ನೆಲೆಸಬೇಕೇ ಎಂದು ಯೋಚಿಸುವಾಗ ಹಿಂದೆ ಎದುರಾಗುತ್ತಿದ್ದ ಕಾನೂನಿನ ತೊಡಕು ಈಗ ಬಹುಮಟ್ಟಿಗೆ ಇಲ್ಲ. ಕೃಷಿಯೇತರ ಆದಾಯ ಹೆಚ್ಚಿರುವವರು ಹೊಲ ಕೊಳ್ಳುವುದನ್ನು ತಡೆಯುತ್ತಿದ್ದ, 1961ರ ಕರ್ನಾಟಕ ಭೂಸುಧಾರಣಾ ಕಾಯ್ದೆಯ 79ಎ ಕಲಮು 2020ರ ತಿದ್ದುಪಡಿಯಲ್ಲಿ ರದ್ದಾಗಿದೆ. ಆದರೆ ಕೊಳ್ಳುವ ಹಕ್ಕು ದೊರೆತ ಮಾತ್ರಕ್ಕೆ ಬಾಳುವೆ ಹಗುರಾಗದು. ಜಮೀನಿನ ಒಡೆತನ, ಬೆಳೆ, ಸಾಲಗಳನ್ನು ದಾಖಲಿಸುವ ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಮಾಲೀಕನ ಹೆಸರನ್ನಷ್ಟೇ ನೋಡಿ ತೃಪ್ತರಾಗುವವರು, ಬೋಜಾ, ಅಂದರೆ ಸಾಲದ ಹೊರೆ, ನಮೂದಾಗುವ ಹನ್ನೊಂದನೆಯ ಕಾಲಮ್ಮಿಗೆ ಬರುವಷ್ಟರಲ್ಲಿ ಮುಂಗಡ ಕೊಟ್ಟುಬಿಟ್ಟಿರುತ್ತಾರೆ.

ಮಣ್ಣಿನ ವಿಚಾರ ಇನ್ನೂ ಗಹನವಾದುದು. ಎರೆ, ಅಂದರೆ ಹತ್ತಿ, ಕಡಲೆ, ಬಿಳಿಜೋಳಕ್ಕೆ ಹೇಳಿಮಾಡಿಸಿದ ಕಪ್ಪು ಭೂಮಿ, ಮಳೆಗೆ ಉಬ್ಬಿ ಬೇಸಿಗೆಗೆ ಕೈ ತೂರುವಷ್ಟು ಬಿರಿಯುವುದರಿಂದ, ಗಟ್ಟಿ ನೆಲ ಸಿಗುವವರೆಗೆ ಅಗೆಯದೆ ಬುನಾದಿ ಹಾಕಿದ ಮನೆಯ ಗೋಡೆಗಳು ಸೀಳುತ್ತವೆ. ಶ್ರಾವಣದ ಜಿಟಿಜಿಟಿಯಲ್ಲಿ ಹೊಲದ ದಾರಿಗೆ ಇಳಿದವನ ಚಪ್ಪಲಿಗೆ ಅದು ಹೆಜ್ಜೆಗೊಂದು ಪದರವಾಗಿ ಮೆತ್ತಿಕೊಂಡು, ಕೊನೆಗೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದೇ ನಡೆಯಬೇಕಾಗುತ್ತದೆ. ವಿದ್ಯಾನಗರದವರಿಗೆ ಕಿಮ್ಸ್ ಆಸ್ಪತ್ರೆ ನಡೆದುಹೋಗುವ ದೂರದಲ್ಲಿದ್ದರೆ, ಹಳ್ಳಿಯಲ್ಲಿ ರಾತ್ರಿ ಎದೆನೋವು ಬಂದವರು ಅದೇ ಕಿಮ್ಸ್‌ಗೆ ಬರಲು ವಾಹನ ಹುಡುಕಬೇಕು. ಈ ಲೆಕ್ಕವನ್ನು ಸಾಮಾನ್ಯವಾಗಿ ಮಕ್ಕಳು ಹಾಕುತ್ತಾರೆಯೇ ಹೊರತು ಹೋಗಲು ಹೊರಟ ಹಿರಿಯರಲ್ಲ. ಊರಲ್ಲೊಂದು ಮನೆ ಬಾಡಿಗೆಗೆ ಹಿಡಿದು ಒಂದು ಮುಂಗಾರು, ಒಂದು ಬೇಸಿಗೆ ಕಳೆಯುವವರೆಗೆ ವಿದ್ಯಾನಗರದ ಮನೆಯನ್ನು ಮಾರದಿರುವುದೇ ಮೇಲು, ಏಕೆಂದರೆ ಮಾರಿ ಹೋದವರು ಮನಸ್ಸು ಬದಲಿಸಿ ಮರಳಿದರೆ ಅದೇ ಬಡಾವಣೆಯ ದರ ಅವರ ಕೈಗೆಟುಕುವುದು ಕಷ್ಟ.