ಕಡೆಯ ವ್ಯಾಗನ್ನು



ಮುಂದೆ ಇರುವುದನ್ನು ಕಂಡು ಮೆಚ್ಚಿ, ಹಿಂದೆ ಬರುವುದನ್ನು ಮರೆಯುವುದು ನಮ್ಮ ಕಣ್ಣಿನ ಸ್ವಭಾವ. ಇದನ್ನು ನನಗೆ ತಿಳಿಸಿದ್ದು ಒಂದು ಗೂಡ್ಸ್ ಗಾಡಿ.

ರಾಮಮೂರ್ತಿನಗರದ ನನ್ನ ವಸತಿಗೆ ಸಮೀಪದ ಚನ್ನಸಂದ್ರ ನಿಲ್ದಾಣದಿಂದ ಥಣಿಸಂದ್ರದ ಮಾರ್ಗವಾಗಿ ಯಲಹಂಕಕ್ಕೆ ಒಂದು ರೈಲುಹಾದಿಯಿದೆ. ಪ್ರಯಾಣಿಕರ ಗಾಡಿಗಳು ವಿರಳವಾದ ಆ ಹಾದಿಯ ಗೂಡ್ಸ್ ಗಾಡಿಗಳ ಛಾಯಾಚಿತ್ರ ತೆಗೆಯುವುದು ನನ್ನ ಬಹುದಿನಗಳ ಹವ್ಯಾಸ. ಪ್ಲಾಟ್‌ಫಾರಂ ಟಿಕೆಟ್ ಪಡೆದು, ಸ್ಟೇಷನ್ ಮಾಸ್ತರರ ಅನುಮತಿ ಕೇಳಿ, ಬೆಂಚಿನ ಮೇಲೆ ಕಾಯುತ್ತೇನೆ. ಹಳಿಗೆ ಇಳಿಯುವುದಿಲ್ಲ, 1989ರ ರೈಲ್ವೆ ಕಾಯ್ದೆಯ 147ನೆಯ ಕಲಮಿನಂತೆ ಅದು ಅಪರಾಧ, ಅದಕ್ಕೂ ಮಿಗಿಲಾಗಿ ಪ್ರಾಣಾಪಾಯ.

ಗೂಡ್ಸ್ ಗಾಡಿಗೆ ಹೆಸರಿಲ್ಲ. ಎಕ್ಸ್‌ಪ್ರೆಸ್ಸಿಗೆ ದಾರಿ ಬಿಟ್ಟು ತಾನು ಲೂಪ್ ಲೈನಿನಲ್ಲಿ ನಿಲ್ಲುತ್ತದೆ. ನಾವು ಉಣ್ಣುವ ಅಕ್ಕಿ, ಮನೆ ಕಟ್ಟುವ ಸಿಮೆಂಟು, ಹೊಲಕ್ಕೆ ಹಾಕುವ ಗೊಬ್ಬರ ಇಂತಹ ಗಾಡಿಗಳಲ್ಲಿಯೇ ಬರುತ್ತವೆ. ಅವುಗಳ ಗಾಲಿಗಳಲ್ಲಿ ಎಷ್ಟೋ, 1984ರಲ್ಲಿ ಯಲಹಂಕದಲ್ಲಿ ಆರಂಭವಾದ ರೈಲು ಗಾಲಿ ಕಾರ್ಖಾನೆಯಲ್ಲಿ ಎರಕಗೊಂಡವು.

ವರ್ಷಗಳ ಕಾಲ ನಾನು ತೆಗೆದುದೆಲ್ಲ ಎಂಜಿನ್ನಿನ ಚಿತ್ರಗಳೇ. ಕೃಷ್ಣರಾಜಪುರ ಶೆಡ್ಡಿನ ಎಂಜಿನ್ನು ದಾಟಿದೊಡನೆ ಕ್ಯಾಮೆರಾ ಚೀಲ ಸೇರುತ್ತಿತ್ತು. ಒಂದು ಸಂಜೆ ಹಾಗೆ ಚೀಲ ಮುಚ್ಚುತ್ತಿದ್ದಾಗ, ಹಸಿರು ಬಾವುಟ ಹಿಡಿದು ನಿಂತಿದ್ದ ಹಿರಿಯ ನೌಕರರೊಬ್ಬರು, “ಗಾಡಿ ಇನ್ನೂ ಮುಗಿದಿಲ್ಲ ಸ್ವಾಮಿ” ಎಂದರು. ಅವರ ದೃಷ್ಟಿ ಕಡೆಯ ವ್ಯಾಗನ್ನಿಗಾಗಿ ಕಾದಿತ್ತು. ಅದರ ಹಿಂದೆ ಹಗಲಿನಲ್ಲಿ ಎಲ್.ವಿ. ಫಲಕವನ್ನು, ರಾತ್ರಿ ಕೆಂಪು ದೀಪವನ್ನು ಕಂಡ ಮೇಲೆಯೇ, ನಡುದಾರಿಯಲ್ಲಿ ಯಾವ ವ್ಯಾಗನ್ನೂ ಕಳಚಿ ಉಳಿದಿಲ್ಲ, ಗಾಡಿ ಪೂರ್ಣವಾಗಿ ಬಂದಿದೆ ಎಂಬುದು ನಿಶ್ಚಯವಾಗುತ್ತದೆ.

ಆ ಮಾತು ನನ್ನನ್ನು ಕಲಕಿತು. ನನ್ನ ತಂದೆಯವರು ಊರಿನ ಗೂಡ್ಸ್ ಶೆಡ್ಡಿನಲ್ಲಿ ಹಮಾಲರಾಗಿದ್ದರು. ಐವತ್ತು ಕಿಲೋ ಸಿಮೆಂಟಿನ ಚೀಲಗಳನ್ನು ಬೆನ್ನ ಮೇಲೆ ಹೊತ್ತು ಇಳಿಸಿ ನನ್ನನ್ನು ಎಂ.ಎ.ವರೆಗೆ ಓದಿಸಿದರು. ಅವರು ಲಿಂಗೈಕ್ಯರಾಗಿ ಆರು ವರ್ಷಗಳಾದವು. ಕಾಯಕವನ್ನು ಕುರಿತು ಎಷ್ಟೋ ಪುಟಗಳನ್ನು ಬರೆದಿರುವ ನನ್ನ ಬಳಿ, ಅವರು ಕಾಯಕದಲ್ಲಿ ನಿರತರಾಗಿರುವ ಒಂದು ಚಿತ್ರವೂ ಇಲ್ಲ. ಕ್ಯಾಮೆರಾ ಕೊಂಡಾಗ ಅವರಿನ್ನೂ ದುಡಿಯುತ್ತಿದ್ದರು. ನಾನು ಎಂಜಿನ್ನುಗಳನ್ನು ಅರಸುತ್ತಿದ್ದೆ.

ಈಗ ಕಡೆಯ ವ್ಯಾಗನ್ನು ದಾಟುವ ತನಕ ನಿಲ್ಲುತ್ತೇನೆ. ಬ್ರೇಕ್ ವ್ಯಾನಿನ ಗಾರ್ಡ್ ಬಾವುಟ ತೋರಿದರೆ ಕೈಮುಗಿಯುತ್ತೇನೆ. ನಿಮ್ಮ ಮನೆಯಲ್ಲಿ ದುಡಿಯುವ ಹಿರಿಯರಿದ್ದರೆ, ಅವರು ಕೆಲಸದಲ್ಲಿರುವಾಗಲೇ ಒಂದು ಚಿತ್ರ ತೆಗೆದಿರಿಸಿಕೊಳ್ಳಿರೆಂದು ವಿನಂತಿ.